ಸ್ವಇಚ್ಛೆಯಿಂದ ಎಂದು ಬರೆದವನು ನಾನೇ

ಪಡಿತರ ಚೀಟಿ ವಿಭಾಗದ ಮಾನ್ಯ ಅಧಿಕಾರಿಗಳೇ,

ಹೋದ ವರ್ಷ ತಾವು ನನಗೊಂದು ಶಾಲು ಹೊದಿಸಿದ್ದಿರಿ. ನೆನಪಿರಲಿಕ್ಕಿಲ್ಲ, ಅಂದು ಶಾಲುಗಳು ಬಹಳ ಇದ್ದವು. ಬಡವರ ಚೀಟಿ ಹಿಂತಿರುಗಿಸುವಂತೆ ನಮ್ಮೂರಿನ ಇಪ್ಪತ್ತೊಂದು ಮನೆಗಳನ್ನು ಒಪ್ಪಿಸಿದ ನ್ಯಾಯಬೆಲೆ ಅಂಗಡಿಯವನು ನಾನು. ಅದರಲ್ಲಿ ಒಂದು ಮನೆ ಈಗ ಆಸ್ಪತ್ರೆಯ ಖರ್ಚಿನಲ್ಲಿ ಮುಳುಗಿದೆ. ಅವರ ಚೀಟಿ ಮರಳಿ ಕೊಡಿ ಎಂದು ಆರು ತಿಂಗಳಿಂದ ನಿಮ್ಮ ಕಿಟಕಿಯ ಮುಂದೆ ನಿಂತು ಕೇಳಿದ್ದಾಯಿತು. ಇನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತೇನೆ. ಇದರಿಂದ ಮರ್ಯಾದೆ ಹೋಗುವುದು ನಿಮ್ಮದಲ್ಲ, ಹೆದರಬೇಡಿ, ನನ್ನದು.

ಮಾಳಿಂಗರಾಯ, ರೇವವ್ವ ಗಂಡಹೆಂಡತಿ. ಕುರಿ ಕಾಯುವವರು. ನಲವತ್ತು ಕುರಿ, ಪತ್ರಾಸಿನ ತಗಡು ಹೊದಿಸಿದ ಎರಡು ಕೋಣೆ, ಯಾರೋ ಓಡಿಸಿ ಬಿಟ್ಟ ಹಳೆಯ ಬೈಕು. ಉಳ್ಳವರು ಚೀಟಿ ಬಿಟ್ಟುಕೊಡಲಿ ಎಂದು ನಿಮ್ಮ ಸುತ್ತೋಲೆ ಬಂದಾಗ, ಯಾರು ಉಳ್ಳವರು ಎಂದು ನಾನು ಪೂರ್ತಿ ಓದಲಿಲ್ಲ. ಬೈಕು ಕಂಡಿತು, ಅಷ್ಟೇ ಸಾಕಾಯಿತು. ಅಂಗಡಿಯ ಮುಂದೆ ಹತ್ತು ಜನ ನಿಂತಿರುವಾಗಲೇ, "ಗಾಡಿ ಮ್ಯಾಲ ಬಂದು ಬಡವರ ಅಕ್ಕಿ ಒಯ್ತೀಯಲ್ಲ ರೇವವ್ವಾ, ನೀವೇನ್ ಬಡವ್ರಾ?" ಎಂದೆ. ಆಕೆ ತಲೆ ತಗ್ಗಿಸಿ ಹೋದಳು. ಮರುದಿನ ಇಬ್ಬರೂ ಬಂದು ಚೀಟಿ ನನ್ನ ಮುಂದಿಟ್ಟರು. ಅರ್ಜಿ ಬರೆದವನು ನಾನೇ. "ಸ್ವಇಚ್ಛೆಯಿಂದ" ಎಂದು ಸೇರಿಸಿ, ಕೆಳಗೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬೈಕು ಇದ್ದವರು ಚೀಟಿ ಬಿಡಬೇಕೆಂಬ ಮಾತು ಆ ಸುತ್ತೋಲೆಯಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ಗೊತ್ತಾಗುವ ಹೊತ್ತಿಗೆ ಶಾಲು ಒಮ್ಮೆ ಒಗೆದೂ ಆಗಿತ್ತು.

ನಾಲ್ಕು ತಿಂಗಳು ಕಳೆಯುವುದರೊಳಗೆ ಮಾಳಿಂಗರಾಯ ದೇವಣಗಾಂವದ ಕಡೆ ಕುರಿ ಮೇಯಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ವಿಜಯಪುರದ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಚೀಟಿ. ಅದಿದ್ದರೆ ಖರ್ಚು ಸರಕಾರದ್ದು. ಇಲ್ಲದಿದ್ದರೆ ಸಣ್ಣದೊಂದು ಪಾಲು ಬಿಟ್ಟು ಉಳಿದದ್ದೆಲ್ಲ ಮನೆಯವರದ್ದು. ಎದೆಗೆ ಒಂದು ಸ್ಟೆಂಟ್ ಹಾಕಿದರು. ಬೈಕು ಮೊದಲು ಹೋಯಿತು. ಆಮೇಲೆ ತಿಂಗಳು ತಿಂಗಳು ಗುಳಿಗೆ, ತಪಾಸಣೆ, ಬಾಡಿಗೆ ಗಾಡಿ. ಗಂಡು ಮರಿ ಮಾರುವುದು ಕುರಿಗಾರರ ಬಾಳುವೆ, ಹೆಣ್ಣು ಕುರಿ ಮಾರಿದರೆ ಮುಂದೆ ಹಿಂಡೇ ಇರುವುದಿಲ್ಲ. ಅವೂ ಹೋದವು. ಕೊನೆಗೆ ಉಳಿದದ್ದು ದೇವರಿಗೆ ಬಿಟ್ಟ ಟಗರು. ಅಂಥದ್ದನ್ನು ಅವರಲ್ಲಿ ಯಾರೂ ಮಾರುವುದಿಲ್ಲ, ಗೊತ್ತಾದರೆ ಯಾರೂ ಕೊಳ್ಳುವುದೂ ಇಲ್ಲ. ಸಿಂದಗಿ ಸಂತೆಗೆ ಹೊರಡುವ ಮುನ್ನ ರೇವವ್ವ ನನ್ನ ಅಂಗಡಿಯ ಪಕ್ಕದ ನಳದ ಹತ್ತಿರ ಕುಳಿತು, ಅದರ ಹಣೆಗೆ ಹಚ್ಚಿದ್ದ ಭಂಡಾರದ ಅರಿಶಿನವನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ನಾನು ಬಾಗಿಲ ಮರೆಗೆ ಸರಿದೆ. ಎದುರು ನಿಲ್ಲುವ ಮುಖ ನನಗಿರಲಿಲ್ಲ.

ಈಗ ಹೇಳಿ ಮಾನ್ಯರೇ, ಈ ಮನೆ ಯಾವ ದಿನ ಬಡವಾಯಿತು? ಬೈಕು ಹೋದ ದಿನವೋ, ಟಗರು ಹೋದ ದಿನವೋ? ನಿಮ್ಮ ಕಂಪ್ಯೂಟರಿನಲ್ಲಿ ಅವರಿನ್ನೂ ಉಳ್ಳವರೇ ಅಂತೆ. ಕುಡಿದು ಹಾಳಾಗಿದ್ದರೆ, ಇಸ್ಪೀಟು ಆಡಿ ಕಳೆದಿದ್ದರೆ ನಾವಿಬ್ಬರೂ ಸೇರಿ ಬುದ್ಧಿ ಹೇಳಬಹುದಿತ್ತು. ಅವರು ಮಾಡಿದ್ದು ಗಂಡ ಬದುಕಲಿ ಎಂದು ಆಸ್ಪತ್ರೆಗೆ ಹೋದದ್ದು. ಇಂಡಿಯಿಂದ ಮುದ್ದೇಬಿಹಾಳದವರೆಗೆ, ಬಾಗೇವಾಡಿಯ ಸುತ್ತಮುತ್ತ, ಒಂದೇ ಕಾಯಿಲೆಯಿಂದ ಹೀಗೆ ಕೆಳಗಿಳಿದ ಮನೆ ಯಾವ ಊರಲ್ಲಿಲ್ಲ? ಚೀಟಿ ಇದ್ದವರೇ ಹೊರಗಿನ ಔಷಧಿಗೆ, ಸ್ಕ್ಯಾನಿಂಗಿಗೆ ಹೈರಾಣಾಗುತ್ತಾರೆ. ಇನ್ನು ಇಲ್ಲದವರ ಪಾಡೇನು? ಬಡತನವನ್ನು ನೀವು ಒಮ್ಮೆ ಸಮೀಕ್ಷೆ ಮಾಡಿ ಬೀಗ ಹಾಕಿಡುತ್ತೀರಿ. ಎದೆನೋವು ನಿಮ್ಮ ಮುಂದಿನ ಸಮೀಕ್ಷೆಯವರೆಗೆ ತಡೆಯಬೇಕೇ?

ಕಿಟಕಿಯಲ್ಲಿ ನಿಮ್ಮ ಗುಮಾಸ್ತರು ಸೌಜನ್ಯದಿಂದಲೇ ಆ ಅರ್ಜಿ ತೆಗೆದು ತೋರಿಸಿದರು. "ಸ್ವಇಚ್ಛೆಯಿಂದ ಬಿಟ್ಟಾರಲ್ರೀ, ಮತ್ತ ಹ್ಯಾಂಗ ಕೊಡಾಕ ಬರ್ತೈತಿ?" ನನ್ನದೇ ಅಕ್ಷರ. ದುಂಡಗೆ ಬರೆದಿದ್ದೆ. ಪಕ್ಕದಲ್ಲಿ ರೇವವ್ವ ನಿಂತಿದ್ದಳು, ಅದನ್ನು ಓದಲು ಬಾರದ ಆಕೆಗೆ ಅಲ್ಲಿ ಏನಿದೆ ಎಂದು ನಾನೇ ಹೇಳಬೇಕಾಯಿತು.

ಬಸ್ಸಿಗೆ ಕಾಯುವಾಗ ತಪ್ಪಾಯಿತು ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. "ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಣ್ಣಾರ," ಎಂದಳು. "ಆವತ್ತು ನಾಲ್ಕು ಮಂದ್ಯಾಗ ನಾವು ಬಡವ್ರಲ್ಲ ಅಂದ್ರಿ. ಹಂಗ ನಮಗ ಯಾರೂ ಅಂದಿದ್ದಿಲ್ರಿ. ಮನಿಗಿ ಹೋಗಿ ಹೇಳಿದ್ರ ಇವರು ಭಾಳ ಖುಷಿ ಆಗಿದ್ರು." ತಲೆ ತಗ್ಗಿಸಿದ್ದು ನಾಚಿಕೆಯಿಂದ ಎಂದು ನಾನು ತಿಳಿದಿದ್ದೆ. ಅಂದಿನಿಂದ ಆ ಮಾತು ನೆನಪಾದರೆ ನನಗೆ ಊಟ ಸೇರುವುದಿಲ್ಲ.

ಮಾಳಿಂಗರಾಯನ ಇನ್ನೊಂದು ರಕ್ತನಾಳವೂ ಕಟ್ಟಿಕೊಂಡಿದೆ. ಬರುವ ತಿಂಗಳೊಳಗೆ ಎರಡನೇ ಸ್ಟೆಂಟ್ ಬೀಳಲೇಬೇಕು ಎಂದು ವೈದ್ಯರು ಹೇಳಿದ್ದಾರೆ. ಮಾರಲು ಆ ಮನೆಯಲ್ಲಿ ಏನೂ ಉಳಿದಿಲ್ಲ. ಅಷ್ಟರೊಳಗೆ ಅವರ ಚೀಟಿ ಅವರ ಕೈಗೆ ಬರಬೇಕು. ಉಳಿದ ಇಪ್ಪತ್ತು ಮನೆಗಳನ್ನೂ ಮತ್ತೊಮ್ಮೆ ವಿಚಾರಿಸಬೇಕು. ರೋಗದಿಂದ ಬಡವರಾದವರು ಅರ್ಜಿ ಹಾಕಲು ನಿಮ್ಮ ಕಿಟಕಿ ವರ್ಷವಿಡೀ ತೆರೆದಿರಬೇಕು.

ಶಾಲು ಈ ಪತ್ರದ ಜೊತೆಗಿದೆ. ಆ ಅರ್ಜಿ ಅವರ ಇಚ್ಛೆಯಲ್ಲ, ನನ್ನ ಒತ್ತಾಯ ಎಂದು ಬರೆದುಕೊಡಲು ಸೋಮವಾರ ಬರುತ್ತೇನೆ. ಅದಕ್ಕಾಗಿ ಅಂಗಡಿಯ ಪರವಾನಗಿ ಹೋದರೆ ಹೋಗಲಿ. ಸಹಿ ಸಾಲದಿದ್ದರೆ ಈ ಸಲ ನನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳಿ.

ಇಂತಿ,
ನಿಮ್ಮ ಶಾಲಿಗೆ ಹೆಗಲು ಕೊಟ್ಟಿದ್ದ
ಅಬ್ದುಲರಜಾಕ
ನ್ಯಾಯಬೆಲೆ ಅಂಗಡಿ (ಸೋಮವಾರದವರೆಗೆ)