ಜೀಪಿನ ಕೀ ಹುಡುಕಬೇಡ

ಧನು,

ಜೀಪಿನ ಕೀ ಹುಡುಕಬೇಡ, ನನ್ನ ಚೀಲದಲ್ಲಿದೆ. ಹೊಸ ಪ್ಲೇಟು ತರಲು ಬಸ್ಸಿನಲ್ಲಿ ಮಡಿಕೇರಿಗೆ ಹೊರಟಿದ್ದೇನೆ. ಕಡುಬು ಪಾತ್ರೆಯಲ್ಲಿದೆ, ನಾಯಿಗೂ ಹಾಕು.

ಜೀಪಿನ ಭಾರ ಹೊರುವ ಹಿಂಬದಿಯ ಕಮಾನ್ ಪ್ಲೇಟು ಮತ್ತೆ ಬಿರುಕು ಬಿಟ್ಟಿದೆ. ಮೂರು ವರ್ಷ ಬರಬೇಕಾದದ್ದು ಎಂಟು ತಿಂಗಳೂ ಬರಲಿಲ್ಲ. ಪ್ರತಿಸಲವೂ ನೀನು ಒಂದು ಪ್ಲೇಟು ಹೆಚ್ಚಿಗೆ ಹಾಕಿಸುತ್ತೀಯ, ಆ ಧೈರ್ಯದಲ್ಲಿ ಕಾಫಿ ಪಿಕ್ಕಿಂಗಿಗೆ ಹೋಗುವವರಲ್ಲಿ ಇನ್ನಿಬ್ಬರನ್ನು ಹತ್ತಿಸುತ್ತೀಯ. ಪ್ಲೇಟಿಗೆ ಸಂಘವಿಲ್ಲ, ಮುರಿಯುವುದೇ ಅದರ ಮುಷ್ಕರ. ಕಕ್ಕಬೆಯ ಏರಿನಲ್ಲಿ ಅದು ಪೂರ್ತಿ ಮುರಿದರೆ ಹಿಂದೆ ಕೂತ ಚೋಮಿಯಕ್ಕನ ಗತಿಯೇನು? ನಾಳೆಯಿಂದ ಒಂದು ಟ್ರಿಪ್ಪಿಗೆ ಎಂಟೇ ಜನ. ಇದು ಮನವಿಯಲ್ಲ, ಹಕ್ಕೊತ್ತಾಯ.

ಇದನ್ನೆಲ್ಲ ನಿನ್ನೆ ಗ್ಯಾರೇಜಿನ ಹಂಸಣ್ಣನಿಗೂ ಅರ್ಧ ಗಂಟೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ ಅಕ್ಕ, ಹಿಂದೆ ಎರಡು ಟ್ರಂಕು ಉಂಟಲ್ಲ, ಅದು ಇಳಿಯೋದು ಯಾವಾಗ?" ಅಂದರು.

ಆ ಟ್ರಂಕುಗಳಲ್ಲಿರುವುದು ನಮ್ಮ ಓದು ಬಳಗದ ಪುಸ್ತಕಗಳು. ಹೋದ ವರ್ಷದ ಸಭೆಗೆ ಹತ್ತಿಸಿದ್ದು ನಾನೇ, ಇಳಿಸದೆ ಬಿಟ್ಟಿದ್ದೂ ನಾನೇ.

ಟಾರ್ಪಾಲು ಬಿಚ್ಚಿ ಈಗಲೇ ಇಳಿಸು. ಚೋಮಿಯಕ್ಕನಿಗೆ ಗೊತ್ತಾಗದಂತೆ ಇಳಿಸು ಅನ್ನೋಣವೆಂದರೆ, ವರ್ಷವಿಡೀ ಮೊಣಕಾಲು ಗಲ್ಲಕ್ಕೆ ಹಚ್ಚಿ ಆ ಟ್ರಂಕಿನ ಮೇಲೇ ಕೂತು ಬಂದವಳು ಅವಳು.

ಅಕ್ಕ