ಎಂಟು ಮಗ್ಗಗಳ ಮಾಲಕ

ಇಚಲಕರಂಜಿ, ಶ್ರಾವಣ ಸೋಮವಾರ, 1962

ಗಡಹಿಂಗ್ಲಜ ಮೆಣಸಿನಕಾಯಿ ಪೇಟೆಯ ಚಕ್ರವರ್ತಿಗಳಾದ ಶಂಕರಲಿಂಗ ಕಾಕಾ ಅವರಿಗೆ, ಎರಡು ಹಳೆಯ ಮಗ್ಗಗಳ ಸಾಮ್ರಾಟ ಬಸಗೊಂಡನ ಶರಣು.

ದಸರೆಯೊಳಗೆ ಕೆಲಸ ಸಿಗದಿದ್ದರೆ ಮಗ್ಗ ಮಾರಿ ಬಂದು ಅಂಗಡಿಯಲ್ಲಿ ಕೂಡು ಎಂದಿದ್ದಿರಿ. ಎಂಟು ಮಗ್ಗ ಇಲ್ಲದವರಿಗೆ ಇಲ್ಲಿನ ದೊಡ್ಡ ವ್ಯಾಪಾರಿಗಳು ಸೀರೆಯ ಕೆಲಸ ಕೊಡುವುದಿಲ್ಲ. ನಮ್ಮ ಶೆಡ್ಡಿನಲ್ಲಿ ನಾಲ್ವರಿಗೆ ಎರಡೆರಡು ಕರೆಂಟಿನ ಮಗ್ಗ. ಅದಕ್ಕೆ ನಿನ್ನೆ ಅಂಥ ಒಬ್ಬ ವ್ಯಾಪಾರಿ ಶೇಠಜಿ ಮಗ್ಗ ನೋಡಲು ಬಂದಾಗ ನಾನು ಕೋಟು ತೊಟ್ಟು, ಗಂಭೀರವಾಗಿ ಕೆಮ್ಮಿ, ಎಂಟಕ್ಕೂ ಮಾಲಕನಾಗಿ ಕುರ್ಚಿಯಲ್ಲಿ ಕುಳಿತೆ. ಉಳಿದ ಮೂವರು ಕೂಲಿಯವರಾದರು.

ಅಷ್ಟರಲ್ಲಿ ಎಂದಿನಂತೆ ಕರೆಂಟು ಹೋಯಿತು. ಮರಳಿ ಬಂದದ್ದೇ ತಡ, ನೂಲು ಹರಿಯಬಾರದೆಂದು ನಾಲ್ವರೂ ತಂತಮ್ಮ ಎರಡು ಮಗ್ಗಗಳತ್ತ ಓಡಿದೆವು, ಕೋಟಿನ ಸಮೇತ ನಾನೂ.

"ಏನ್ರೀ ಮಾಲಕರ, ಉಳಿದ ಆರು ಮಲಮಕ್ಕಳೇನು?" ಎಂದರು ಶೇಠಜಿ.

ನಮ್ಮಲ್ಲಿ ಹಿರಿಯರಾದ ಸಖಾರಾಮ ಮಾಮಾ ಕೈಮುಗಿದರು. "ತಪ್ಪಾತ್ರಿ ಶೇಠಜಿ. ನಾವು ನಾಲ್ಕೂ ಮಂದಿ ಮಾಲಕರ."

"ಇಷ್ಟು ಜೋರ್ ಓಡೋ ಮಾಲಕರನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ. ನಾಲ್ಕೂ ಮಂದಿ ಸಹಿ ಹಾಕ್ರಿ."

ದೀಪಾವಳಿಯೊಳಗೆ ಎರಡು ಸಾವಿರ ಸೀರೆ ಕೊಡಬೇಕು. ನೂಲು ಸಿಗುವುದು ಕಷ್ಟ, ಕರೆಂಟಿನ ಭರವಸೆಯಿಲ್ಲ. ಆದರೂ ಕೊಟ್ಟೇ ಕೊಡುತ್ತೇವೆ.

ಮೈ ಗಟ್ಟಿಯಾಗಿದೆ, ಮಗ್ಗದ ಸದ್ದಿಗೆ ಕಿವಿ ಮಾತ್ರ ಅರ್ಧ ಕೇಳುತ್ತದೆ. ಬೈಯುವುದಿದ್ದರೆ ಕಾರ್ಡಿನಲ್ಲೇ ಬೈಯಿರಿ. ಕೋಟು ನಿಮ್ಮದೇ, ಕೇಳದೆ ತಂದದ್ದು. ತೋಳಿಗೆಲ್ಲ ಮಗ್ಗದ ಎಣ್ಣೆ ಹತ್ತಿದೆ. ಇನ್ನು ಅದು ಅಂಗಡಿಯಲ್ಲಿ ಕೂಡಲು ಬರುವುದಿಲ್ಲ, ನನ್ನ ಹಾಗೆಯೇ.

ಜಾಗ ಮುಗಿಯಿತು.
ಬಸಗೊಂಡ