ಆ ಹೆಂಗಸಿನ ಬೆರಳು

ಕ್ಲೋಸ್‌ಪೇಟೆ
ತಾ. 12ನೇ ಜನವರಿ 1924

ಪ್ರೀತಿಯ (ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ) ವಿಮಲಾ,

ನಾವೆಲ್ಲ ಕ್ಷೇಮ. ಮಾಸಪತ್ರಿಕೆ ಬಂತು. ಇಂಗ್ಲಿಷ್ ಪದ್ಯದ ಮೇಲೆ ನೀನು ಬರೆದ ಲೇಖನಕ್ಕೆ ಮೊದಲನೇ ಬಹುಮಾನ, ಪಕ್ಕದಲ್ಲೇ ನಿನ್ನ ಭಾವಚಿತ್ರ. ಮೊಣಕೈವರೆಗಿನ ರವಿಕೆ ತೋಳು, ಕೈಯಲ್ಲೊಂದು ಪುಸ್ತಕ. ನಿಜವಾಗಿ ಓದುವವರು ಪುಸ್ತಕವನ್ನು ಹಾಗೆ ಹಿಡಿಯುವುದಿಲ್ಲ ಕಣೇ. ನಮ್ಮ ಯಜಮಾನರು ಎರಡು ಸಲ ಓದಿ, ನಿನ್ನ ಗೆಳತಿ ಬಹಳ ಬುದ್ಧಿವಂತೆ ಎಂದರು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ನನಗೆ ಒಮ್ಮೆಯೂ ಆ ಮಾತು ಅಂದಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು. ಚನ್ನಪಟ್ಟಣದ ಸ್ಕೂಲಿನಲ್ಲಿ ಇಂಗ್ಲಿಷಿಗೆ ನಾನೇ ಮೊದಲು, ನೀನು ನನ್ನ ಸ್ಲೇಟು ನೋಡಿ ಬರೆಯುತ್ತಿದ್ದೆ. ಆಮೇಲೆ ನನಗೂ ಮದುವೆಯಾಯಿತು, ನಿನಗೂ ಆಯಿತು. ನಿನ್ನವರು ಪ್ಲೇಗಿನಲ್ಲಿ ತೀರಿಕೊಂಡಾಗ ನಾನು ಎರಡು ದಿನ ಅನ್ನ ಮುಟ್ಟಲಿಲ್ಲ. ನಿಮ್ಮಪ್ಪ ನಿನ್ನನ್ನು ಮೈಸೂರಿಗೆ ಓದಲು ಕಳಿಸಿದರು. ಶಿವ ಮೆಚ್ಚುವ ಮಾತಲ್ಲ, ಆದರೂ ಹೇಳಿಬಿಡುತ್ತೇನೆ: ಕೊರಳಲ್ಲಿ ತಾಳಿ ಇಟ್ಟುಕೊಂಡು ಅವತ್ತಿನಿಂದ ನಿನ್ನನ್ನು ಕಂಡರೆ ಉರಿಯುತ್ತಿದ್ದೇನೆ.

ಈಗ ಅಸಲು ವಿಷಯ. ನೂರು ವರ್ಷದ ಹಿಂದಿನ ಆ ಕವಿ ಹೊಗೆ ಕವಿದ ಪಟ್ಟಣದಲ್ಲಿ ರೇಷ್ಮೆ ನೂಲಿನ ಗಿರಣಿಯ ಹೆಂಗಸನ್ನು ಕಾಣುತ್ತಾನೆ. ಬೀದಿಯಲ್ಲಿ ಸಾಹುಕಾರರ ಸಾರೋಟುಗಳು ಹೋಗುತ್ತಿವೆ, ಅವಳು ಗಿರಣಿ ಬಾಗಿಲಲ್ಲಿ ನಿಂತು ಬೆರಳಿಗೆ ಗಾಳಿ ಊದುತ್ತಿದ್ದಾಳೆ. ಯಾಕೆ ಊದುತ್ತಾಳೆ? ಚಳಿಗೆ ಎಂದು ನಿಮ್ಮ ಪ್ರೊಫೆಸರರ ಟಿಪ್ಪಣಿ. ಹೋದ ಬೇಸಿಗೆಯಲ್ಲಿ ನಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಾ ನೀನೂ ಚಳಿಗೆ ಅಂತಲೇ ಹೇಳಿದೆ. ಚಳಿಗಲ್ಲ, ಬಿಸಿನೀರಿನಿಂದ ಎಳೆ ತೆಗೆದು ಸುಟ್ಟುಕೊಂಡಿದ್ದಾಳೆ ಅಂದವಳು ಯಾರು? ಚಳಿಯಾದರೆ ಯಾರ ಮೇಲೂ ದೂರಿಲ್ಲ, ಸುಟ್ಟಿದ್ದರೆ ನೀರು ಕಾಯಿಸಿದವರನ್ನು ಕೇಳಬೇಕಾಗುತ್ತದೆ ಅಂದವಳು ಯಾರು? ನಾನು! ಅದನ್ನೇ ನೀನು ನಿನ್ನದೆಂದು ಲೇಖನದಲ್ಲಿ ಬರೆದುಕೊಂಡಿದ್ದೀಯ. ಬಹುಮಾನ ಕೊಟ್ಟದ್ದೇ ಈ ಎರಡು ಮಾತಿಗೆ ಎಂದು ತೀರ್ಪಿನಲ್ಲಿ ಅಚ್ಚಾಗಿದೆ.

ನಿನಗೆ ಹೇಗೆ ಹೊಳೆಯಬೇಕು ಹೇಳು. ಹಾಸ್ಟೆಲಿನಲ್ಲಿ ಸ್ನಾನದ ನೀರನ್ನೂ ಯಾರೋ ತಂದಿಡುತ್ತಾರೆ. ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಹನ್ನೆರಡು ಒಲೆ ಉರಿಯುತ್ತವೆ, ರೇಷ್ಮೆಗೂಡು ಬೇಯುವ ವಾಸನೆಯಲ್ಲೇ ನಾನು ಊಟ ಮಾಡುತ್ತೇನೆ. ಗೂಡು ಬೇಯುವ ಆ ನೀರಿಗೆ ಒಂದು ಸಲವಾದರೂ ನೀನು ಬೆರಳಿಟ್ಟಿದ್ದೀಯಾ?

ಲೇಖನ ಪುಸ್ತಕದಲ್ಲೂ ಬರುತ್ತದಂತೆ. ಬರುವ ಶುಕ್ರವಾರ ಕರಡು ಅಚ್ಚಿಗೆ ಹೋಗುವ ಮೊದಲು ಆ ಮಾತಿನ ಕೆಳಗೆ, ಇದನ್ನು ತೋರಿಸಿಕೊಟ್ಟವರು ಕ್ಲೋಸ್‌ಪೇಟೆಯ ಶ್ರೀಮತಿ ಗಿರಿಜಾಂಬ ಎಂದು ಹಾಕಿಸು. ಹಾಕಿಸದಿದ್ದರೆ ಸಂಪಾದಕರಿಗೆ ನಾನೇ ಬರೆಯುತ್ತೇನೆ, ನಿನ್ನ ಮುಖವನ್ನೂ ನೋಡುವುದಿಲ್ಲ. ನಿನಗೆ ಇನ್ನೂ ಎಷ್ಟೋ ಪುಸ್ತಕಗಳಿವೆ ವಿಮಲಾ. ನನಗೆ ಈ ಒಂದು ಸಾಲು ಸಾಕು.

ಕೋಪವಿದ್ದರೂ ನಿನ್ನವಳೇ ಆದ,
ಗಿರಿಜಾಂಬ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಕರೀಮುನ್ನೀಸಾ ಹಿತ್ತಲ ಬಾಗಿಲಿಗೆ ಬಂದು ಒಸಿ ಬೆಣ್ಣೆ ಕೇಳಿದಳು, ಬೆರಳಿಗೆ ಹಚ್ಚಲು. ನಮ್ಮ ಶೆಡ್ಡಿನಲ್ಲಿ ನೂಲು ತೆಗೆಯುವವಳು. ಆ ನೀರಿಗೆ ನಾನೂ ಯಾವತ್ತೂ ಬೆರಳಿಟ್ಟಿಲ್ಲ ವಿಮಲಾ. ಹೋದ ಬೇಸಿಗೆಯಲ್ಲಿ ನೀನು ಬರುವ ಮುಂಚೆ ಅಂಚೆಯಲ್ಲಿ ಕಳಿಸಿದ್ದೆಯಲ್ಲ ಆ ಪದ್ಯ, ಅದನ್ನು ಇದೇ ಬಾಗಿಲಲ್ಲಿ ಅವಳಿಗೆ ಕನ್ನಡದಲ್ಲಿ ಹೇಳಿದ್ದೆ. "ಚಳಿಗಲ್ಲ ಕಣಮ್ಮಾ, ಬೆಳ್ಳು ಸುಟ್ಕೊಂಡವ್ಳೆ. ಚಳಿ ಆಗಿದ್ರೆ ಯಾರ್ನ ಕೇಳಾನ? ನೀರು ಕಾಯ್ಸ್ದೋರ್ನಾದ್ರೆ ಕೇಳ್ಬೋದು" ಅಂದು ನನ್ನ ಮುಖವನ್ನೇ ನೋಡಿದಳು. ಅವತ್ತೂ ಇವತ್ತಿನ ಹಾಗೆ ಬೆಣ್ಣೆ ಕೊಟ್ಟು ಒಳಗೆ ಬಂದೆ. ಪುಸ್ತಕದಲ್ಲಿ ಅವಳ ಹೆಸರು ಹಾಕಿಸು. ಅವಳು ಯಾರ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ ಎಂದು ಮಾತ್ರ ಬರೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.